ಹೂಡಿಕೆದಾರರು ಬಂದ ಮೇಲೆ ದೋಸೆ ಹಿಟ್ಟು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತ ಎನ್ನಬೇಡಿ. ಈ ಹಿಟ್ಟಿನ ಕಂಪನಿ ನಡೆಸುವ ಹುಡುಗ ನನ್ನ ಶಿಷ್ಯ. ಹತ್ತನೇ ತರಗತಿಯ ವಿಜ್ಞಾನದಲ್ಲಿ 100ಕ್ಕೆ 58 ತೆಗೆದಿದ್ದ. ಆಮ್ಲ, ಪ್ರತ್ಯಾಮ್ಲದ ಪಾಠ ಮಾಡಿದ ದಿನ ಅವನು ಬಂದಿರಲಿಲ್ಲ ಎಂದು ನನ್ನ ನೆನಪು. ಬಂದಿದ್ದೆ ಎಂದು ಅವನ ವಾದ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ತಾಯಿ ಮತ್ತು ನಾನು ದಿನಾ ಬೆಳಿಗ್ಗೆ ಒಂದೇ ಪಾರ್ಕಿನಲ್ಲಿ ಸುತ್ತು ಹಾಕುವವರು, ಮುಂದೆ ಬರೆದಿರುವುದೆಲ್ಲ ಹೊಗಳಿಕೆಯೂ ಅಲ್ಲ. ಮೈಸೂರಿನಲ್ಲಿ ನಮ್ಮ ಸರಸ್ವತಿಪುರಂ ಕಡೆ ಹಿಟ್ಟು ಕೊಳ್ಳುವವರಿಗೆ ಪ್ಯಾಕೆಟ್ಟಿನ ಬಣ್ಣ ಹೇಳಿದರೆ ಸಾಕು, ಗೊತ್ತಾಗಿಬಿಡುತ್ತದೆ. ಅದನ್ನೂ ಹೇಳುವುದಿಲ್ಲ.

ನಾನು ಸುಮಾರು ನಲವತ್ತು ವರ್ಷ ಮನೆಯಲ್ಲೇ ರುಬ್ಬಿದವಳು. ಮದುವೆಯಾಗಿ ಬಂದಾಗ ಹಿತ್ತಿಲಿನಲ್ಲಿ ಒರಳುಕಲ್ಲಿತ್ತು, ಆಮೇಲೆ ಕೊಯಮತ್ತೂರಿನ ಗ್ರೈಂಡರ್ ಬಂತು. ಎರಡು ವರ್ಷದ ಹಿಂದೆ ಬಲ ಹೆಗಲು ಕೈಕೊಟ್ಟಿತು. ಗ್ರೈಂಡರಿನ ಕಲ್ಲುಗಳನ್ನು ಎತ್ತಿ ತೊಳೆಯುವುದು ಇನ್ನಾಗದು ಎಂದು ವೈದ್ಯರು ಹೇಳುವ ಮೊದಲೇ ನನಗೆ ತಿಳಿದಿತ್ತು. ನಮ್ಮ ಯಜಮಾನರು ಒಮ್ಮೆ ಕೈಹಾಕಿದರು. ಉದ್ದು, ಅಕ್ಕಿ ಎರಡನ್ನೂ ಒಟ್ಟಿಗೆ ಸುರಿದು, ಕಣ್ಣಳತೆಯಲ್ಲಿ ನೀರು ಹೊಯ್ದು, ಪೇಪರ್ ಓದಲು ಹೋದರು. ಆ ದಿನದ ದೋಸೆಯ ವಿಷಯವನ್ನು ಮನೆಯಲ್ಲಿ ಈಗಲೂ ಯಾರೂ ಎತ್ತುವುದಿಲ್ಲ. ಮರುದಿನದಿಂದ ನಾನು ಹಿಟ್ಟಿನ ಗಿರಾಕಿಯಾದೆ.

ಆಗ ಇವರ ಕಂಪನಿ ಎಂದರೆ ಮನೆಯ ಹಿಂದಿನ ತಗಡಿನ ಶೆಡ್ಡು, ಅದರೊಳಗೆ ಎರಡು ದೊಡ್ಡ ಗ್ರೈಂಡರ್. ಮುಂಜಾನೆ ಐದಕ್ಕೆ ಸುತ್ತಲಿನ ಹಾಸ್ಟೆಲ್ಲು, ಪಿಜಿಗಳಿಗೆ ಹಿಟ್ಟು ಹೋಗುತ್ತಿತ್ತು. ನಮ್ಮಂಥವರು ಸಂಜೆ ಆರರ ಮೇಲೆ ಸ್ಟೀಲ್ ಡಬ್ಬಿ ಹಿಡಿದು ಹೋಗಬೇಕು. ಡಬ್ಬಿ ಮರೆತು ಹೋದವರಿಗೆ ಪ್ಲಾಸ್ಟಿಕ್ ಕವರು, ರಬ್ಬರ್ ಬ್ಯಾಂಡು. ಹುಡುಗನ ತಾಯಿ ಸೌಟು ಹಿಡಿದು ನಿಂತು, "ಮೇಡಂ, ಇವತ್ತು ರಾತ್ರಿಗೋ ನಾಳೆ ಬೆಳಿಗ್ಗೆಗೋ?" ಎಂದು ಕೇಳುತ್ತಿದ್ದರು. ರಾತ್ರಿಗೆ ಎಂದರೆ ಒಂದು ಪಾತ್ರೆ, ಬೆಳಿಗ್ಗೆಗೆ ಎಂದರೆ ಇನ್ನೊಂದು. ಹಾಕುವ ಮೊದಲು ಮುಚ್ಚಳ ಸರಿಸಿ, ಬಗ್ಗಿ, ಒಮ್ಮೆ ಮೂಸುತ್ತಿದ್ದರು. ಹಿಟ್ಟಿಗೂ ವಯಸ್ಸಿದೆ, ಎಷ್ಟು ಗಂಟೆಯದು ಎಂದು ತಿಳಿದು ಕೊಡಬೇಕು ಎಂಬುದು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಮದುವೆ, ಮುಂಜಿಗೆ ಅಡುಗೆ ಮಾಡುತ್ತಾ ಬಂದವರು ಅವರು.

ನಂತರದ್ದು ಬೇಗ ಬೇಗ ನಡೆದುಹೋಯಿತು. ಹುಡುಗ ನಮ್ಮೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ಒಂದು ಅಲ್ಪಾವಧಿ ತರಬೇತಿ ಪಡೆದ. 1950ರಿಂದ ಚೆಲುವಾಂಬ ಭವನದಲ್ಲಿ ಆ ಸಂಸ್ಥೆ ಇದೆ, ಮೈಸೂರಿನವರಲ್ಲಿ ಬಹಳ ಜನ ಅದರ ಕಾಂಪೌಂಡು ಮಾತ್ರ ನೋಡಿರುತ್ತಾರೆ. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲ ತೆಗೆದ. ಆಗ ಕೇಂದ್ರದ ಶೇ 35ಕ್ಕೆ ನಮ್ಮ ರಾಜ್ಯ ಶೇ 15 ಸೇರಿಸಿ ಘಟಕದ ವೆಚ್ಚದ ಅರ್ಧದಷ್ಟು, ಗರಿಷ್ಠ 15 ಲಕ್ಷ ರೂಪಾಯಿ ಸಹಾಯಧನ ಕೊಡುತ್ತಿತ್ತು. ಆಮೇಲೆ ಒಂದು ನವೋದ್ಯಮ ಸ್ಪರ್ಧೆಯಲ್ಲಿ ಬಹುಮಾನ ಬಂತು, ಪತ್ರಿಕೆಯಲ್ಲಿ ಫೋಟೊ ಬಂತು. ಕಳೆದ ವರ್ಷ ಹೂಡಿಕೆದಾರರು ಬಂದರು. ಅದಾದ ಕೆಲವೇ ದಿನಗಳಲ್ಲಿ ಶೆಡ್ಡಿಗೆ ಬೀಗ ಬಿತ್ತು, ಸಂಜೆಯ ಸೌಟೂ ನಿಂತಿತು.

"ದೋಸೆ ಹಿಟ್ಟಿಗೆ ಯಾರು ದುಡ್ಡು ಹಾಕುತ್ತಾರೆ?" ಎಂದು ಯಜಮಾನರು ನಕ್ಕರು. ಹಾಕುತ್ತಾರೆ. ಬೆಂಗಳೂರಿನ ತಿಪ್ಪಸಂದ್ರದಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು 2005ರಲ್ಲಿ ಸಣ್ಣ ಜಾಗವೊಂದರಲ್ಲಿ ಶುರು ಮಾಡಿದ ಐಡಿ ಫ್ರೆಶ್ ಫುಡ್ಡಿನಲ್ಲಿ 2014ರಲ್ಲಿ ಹೀಲಿಯನ್ ಸಂಸ್ಥೆ 35 ಕೋಟಿ ಹಾಕಿತು. 2017ರಲ್ಲಿ ಪ್ರೇಮ್‌ಜಿ ಇನ್ವೆಸ್ಟ್ 150 ಕೋಟಿ ಹಾಕಿತು. 2022ರಲ್ಲಿ ನ್ಯೂಕ್ವೆಸ್ಟ್ ಮುಂದಾಗಿ ಬಂದ ಹಣ 507 ಕೋಟಿ. ಅಷ್ಟು ದೊಡ್ಡ ಕಂಪನಿಗೆ ಆರಂಭದಲ್ಲಿ ದಿನಕ್ಕೆ 100 ಪ್ಯಾಕೆಟ್ ಮಾರುವ ಮಟ್ಟ ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತು ಎಂದು ಮುಸ್ತಫಾ ಅವರೇ ಹೇಳಿಕೊಂಡಿದ್ದಾರೆ. ಅದಕ್ಕೂ ಹಿಂದೆ ಹೋದರೆ ಎಂಟಿಆರ್. 1924ರಲ್ಲಿ ಹೋಟೆಲಾಗಿ ಹುಟ್ಟಿ, ಎರಡನೇ ಮಹಾಯುದ್ಧದ ಅಕ್ಕಿಯ ಬರದಲ್ಲಿ ರವೆ ಇಡ್ಲಿ ಬೇಯಿಸಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ ಪೊಟ್ಟಣದ ಮಿಕ್ಸುಗಳಿಗೆ ಇಳಿಯಿತು. ಆ ಪೊಟ್ಟಣದ ವ್ಯವಹಾರವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಆದರೆ ಒಣ ಮಿಕ್ಸು ಕಪಾಟಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತದೆ. ಹಸಿ ಹಿಟ್ಟು ಹಾಗಲ್ಲ, ಅದರಲ್ಲಿ ಜೀವವಿದೆ, ಕೂತಲ್ಲಿ ಕೂರುವುದಿಲ್ಲ. ನನ್ನ ತಕರಾರು ಇರುವುದೂ ಅಲ್ಲೇ.

ಹೊಸ ಪ್ಯಾಕೆಟ್ ತಂದ ಮೊದಲ ದಿನ ನಮ್ಮ ಮನೆಯಲ್ಲಿ ಇಡ್ಲಿ ಕಲ್ಲಾಯಿತು. ಕಲ್ಲು ಎಂದರೆ ಸ್ವಲ್ಪ ಹೆಚ್ಚಾಯಿತೇನೋ. ತಟ್ಟೆಯ ಗುಳಿಯಲ್ಲಿ ಎಷ್ಟು ಹೊಯ್ದಿದ್ದೆನೋ ಅಷ್ಟೇ ಎತ್ತರಕ್ಕೆ ಬೆಂದು, ಬಿಳಿಚಿಕೊಂಡು, ಬೆರಳಿಗೆ ರಬ್ಬರಿನಂತೆ ಸಿಕ್ಕಿತು. ಹುಡುಗ ಕೆಡಿಸಿಬಿಟ್ಟ, ದುಡ್ಡು ಬಂದ ಮೇಲೆ ಉದ್ದಿಗೆ ಕತ್ತರಿ ಹಾಕಿದ ಎಂದುಕೊಂಡೆ. ಪಾರ್ಕಿನಲ್ಲಿ ಅವನ ತಾಯಿಗೆ ಎರಡು ದಿನ ಸರಿಯಾಗಿ ಮುಖ ಕೊಟ್ಟು ಮಾತನಾಡಲಿಲ್ಲ. ಮೂರನೆಯ ದಿನ ಅದೇ ಪ್ಯಾಕೆಟ್ಟಿನ ಉಳಿದ ಹಿಟ್ಟಿನಿಂದ ದೋಸೆ ಹುಯ್ದರೆ, ಅಂಥ ದೋಸೆಯನ್ನು ನಾನು ರುಬ್ಬಿಯೂ ತಿಂದಿರಲಿಲ್ಲ. ಅಲ್ಲಿಗೆ ನನ್ನೊಳಗಿನ ಮೇಷ್ಟರು ಎದ್ದರು.

ಉದ್ದಿಗೆ ಕತ್ತರಿ ಬಿದ್ದಿದೆಯೇ ಎಂದು ನೋಡಲು ಲ್ಯಾಬ್ ಬೇಕಿಲ್ಲ. ಬಟ್ಟಲು ನೀರಿಗೆ ಒಂದು ಹನಿ ಹಿಟ್ಟು ಬಿಡಬೇಕು. ಉದ್ದು ಚೆನ್ನಾಗಿ ಗಾಳಿ ಹಿಡಿದು ರುಬ್ಬಿದ್ದರೆ ತೇಲುತ್ತದೆ, ಇಲ್ಲದಿದ್ದರೆ ತಳಕ್ಕೆ ಹೋಗಿ ಹರಡಿಕೊಳ್ಳುತ್ತದೆ. ನಮ್ಮತ್ತೆ ಉದ್ದಿನ ಹಿಟ್ಟನ್ನು ಮಾತ್ರ ಹೀಗೆ ನೋಡುತ್ತಿದ್ದರು. ಅಕ್ಕಿ ಬೆರೆತ ಹಿಟ್ಟಿಗೆ ಇದು ಕಠಿಣ ಪರೀಕ್ಷೆ, ಹುದುಗಿದ ಮೇಲಷ್ಟೇ ನ್ಯಾಯ. ಪ್ಯಾಕೆಟ್ ಒಡೆದ ಕೂಡಲೇ ಬಿಟ್ಟ ಹನಿ ಮುಳುಗಿತು. ಅದೇ ಹಿಟ್ಟು ಒಲೆಯ ಪಕ್ಕ ನಾಲ್ಕು ಗಂಟೆ ಕೂತ ಮೇಲೆ ಬಿಟ್ಟ ಹನಿ ಒಂದು ಕ್ಷಣ ಕೆಳಗಿಳಿದು, ಮನಸ್ಸು ಬದಲಿಸಿದಂತೆ ಮೇಲೆ ಬಂದು ನಿಂತಿತು. ಉದ್ದಿನಲ್ಲಿ ಮೋಸವಿರಲಿಲ್ಲ. ಹಿಟ್ಟು ಹುದುಗಿರಲಿಲ್ಲ, ಅಷ್ಟೇ.

ಹಿಂದೆ ಹುದುಗಿದ್ದನ್ನು ಮಾರುತ್ತಿದ್ದರು, ಈಗ ಹುದುಗುವ ಮೊದಲೇ ತಣ್ಣಗೆ ಮಾಡಿ ಕಳಿಸುತ್ತಾರೆ. ಅಂಗಡಿಯಲ್ಲಿ ಏಳು ದಿನ ಬಾಳಬೇಕಾದರೆ ಬೇರೆ ದಾರಿಯಿಲ್ಲ ಎಂಬುದನ್ನು ವಿಜ್ಞಾನದ ಟೀಚರಾಗಿ ಒಪ್ಪುತ್ತೇನೆ. ಉದ್ದಿನ ಹಿಟ್ಟಿನಲ್ಲಿ ಲ್ಯೂಕನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ ತಾನಾಗಿ ಬೆಳೆದು ಇಂಗಾಲದ ಡೈಆಕ್ಸೈಡನ್ನೂ ಹುಳಿಯನ್ನೂ ಹುಟ್ಟಿಸುತ್ತದೆ. ಉದ್ದಿನ ಲೋಳೆ ಆ ಗಾಳಿಯನ್ನು ಗುಳ್ಳೆಗುಳ್ಳೆಯಾಗಿ ಹಿಡಿದಿಡುವುದರಿಂದ ಇಡ್ಲಿ ಉಬ್ಬುತ್ತದೆ. ನಾಲ್ಕೈದು ಡಿಗ್ರಿಯ ಚಳಿಯಲ್ಲಿ ಈ ಕೆಲಸ ಬಹಳ ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಹೊರಗಿನ ಬೆಚ್ಚಗೆ ಸಿಕ್ಕರೆ ಮತ್ತೆ ಚುರುಕಾಗುತ್ತದೆ. ಅಂದರೆ ಆ ತಾಯಿ ಮಾಡುತ್ತಿದ್ದ ಅರ್ಧ ಕೆಲಸವನ್ನು ಕಂಪನಿ ಈಗ ನಮ್ಮ ಮನೆಗೆ ವರ್ಗಾಯಿಸಿದೆ. ಮಾಡೋಣ, ಅದಕ್ಕೇನು? ಆದರೆ ಒಂದು ಮಾತು ಹೇಳಬೇಕಿತ್ತಲ್ಲ! ಪ್ಯಾಕೆಟ್ಟಿನ ಮೇಲೆ 'ತಕ್ಷಣ ಬಳಸಬಹುದು' ಎಂದು ಅಚ್ಚು ಹಾಕಿಸಿ, ಎಷ್ಟು ಮನೆಗಳಲ್ಲಿ ಇಡ್ಲಿಯನ್ನೂ ಗೃಹಿಣಿಯನ್ನೂ ಬೈಯಿಸಿದ್ದಾರೋ.

ಮುಂದಿನ ವಾರ ಒಂದೇ ದಿನ ತುಂಬಿಸಿದ ನಾಲ್ಕು ಪ್ಯಾಕೆಟ್ಟುಗಳನ್ನು ನಾಲ್ಕು ಕಡೆಯಿಂದ ತಂದೆ: ಅವರದೇ ಹೊಸ ಮಳಿಗೆ, ಒಂದು ಸೂಪರ್ ಮಾರ್ಕೆಟ್, ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್, ನಮ್ಮ ಬೀದಿಯ ಅಂಗಡಿ. ನಾಲ್ಕು ಗಾಜಿನ ಲೋಟಗಳಿಗೆ ಅರ್ಧರ್ಧ ಸುರಿದು, ಹಿಟ್ಟಿನ ಮಟ್ಟಕ್ಕೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿದೆ. ಹಳೆಯ ಶೆಡ್ಡಿನ ಕಾಲದ ರಬ್ಬರ್ ಬ್ಯಾಂಡುಗಳು ಡ್ರಾಯರಿನಲ್ಲಿ ಒಂದು ಮುಷ್ಟಿ ಇದ್ದವು. ಬೆಳಿಗ್ಗೆ ಐದೂವರೆಗೆ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಯಜಮಾನರು ಕಾಫಿಗೆ ಬಂದು, ನೋಡಿ, ಏನೂ ಕೇಳದೆ ಹಿಂತಿರುಗಿದರು.

ಒಂಬತ್ತೂವರೆಯ ಹೊತ್ತಿಗೆ ಮಳಿಗೆಯ ಹಿಟ್ಟು ಬ್ಯಾಂಡಿನಿಂದ ಎರಡು ಬೆರಳು ಮೇಲೇರಿತ್ತು, ಆ್ಯಪಿನದೂ ಹೆಚ್ಚುಕಡಿಮೆ ಅಷ್ಟೇ. ಸೂಪರ್ ಮಾರ್ಕೆಟಿನದು ಒಂದು ಬೆರಳು ಏರಿ ನಿಂತಿತು. ಬೀದಿ ಅಂಗಡಿಯದು ಏರಲೇ ಇಲ್ಲ, ಏಕೆಂದರೆ ಅದು ಏರಿ ಇಳಿದಾಗಿತ್ತು. ಪ್ಯಾಕೆಟ್ ತರುವಾಗಲೇ ದಿಂಬಿನಂತೆ ಉಬ್ಬಿತ್ತು, ಕತ್ತರಿ ಹಾಕಿದರೆ ಉಸ್ಸೆಂದಿತು, ಮೂಗಿಗೆ ಹುಳಿ ಅಡರಿತು. ಅಂಗಡಿಯಾತ ಒಳ್ಳೆಯವನೇ. ಆದರೆ ರಾತ್ರಿ ಬಾಗಿಲು ಹಾಕುವಾಗ ವಿದ್ಯುತ್ ಬಿಲ್ಲಿಗೆ ಹೆದರಿ ಫ್ರಿಜ್ ಆರಿಸಿ ಹೋಗುತ್ತಾನೆ. ಹಾಲು ಮುಂಜಾನೆಯೇ ಖಾಲಿಯಾಗುವುದರಿಂದ ಅವನಿಗೆ ಇದುವರೆಗೆ ನಷ್ಟವಾಗಿಲ್ಲ. ಕಂಪನಿಯ ಹಣದಲ್ಲಿ ತಣ್ಣನೆಯ ಟ್ಯಾಂಕ್ ಬಂದಿದೆ, ತಣ್ಣನೆಯ ವ್ಯಾನು ಬಂದಿದೆ. ಕೊನೆಯ ಈ ಫ್ರಿಜ್ಜಿಗೆ ಮಾತ್ರ ಯಾರೂ ಹೂಡಿಕೆ ಮಾಡಿಲ್ಲ.

ಈಗ ರುಚಿ. ಮಳಿಗೆಯಿಂದ ತಂದು ನಾಲ್ಕು ಗಂಟೆ ಹೊರಗಿಟ್ಟ ಹಿಟ್ಟಿನ ಇಡ್ಲಿ ಚೆನ್ನಾಗಿದೆ. ಮನೆಯದಕ್ಕಿಂತ ಸ್ವಲ್ಪ ನುಣುಪು ಹೆಚ್ಚು. ನನಗೆ ಅಕ್ಕಿಯ ಸಣ್ಣ ತರಿ ನಾಲಿಗೆಗೆ ಸಿಗಬೇಕು, ಅದು ಸಿಗುವುದಿಲ್ಲ. ಹತ್ತು ನಿಮಿಷ ಆರಿದ ಮೇಲೂ ಮೆತ್ತಗಿರುತ್ತದೆ, ಮಧ್ಯಾಹ್ನಕ್ಕೆ ಒರಟಾಗುತ್ತದೆ. ಡಬ್ಬಿಗೆ ಹಾಕಿ ಕಳಿಸುವವರು ತಟ್ಟೆಗೆ ಎಣ್ಣೆಯ ಬದಲು ತುಪ್ಪ ಸವರಿ ನೋಡಿ.

ದೋಸೆಯ ಮಾತೇ ಬೇರೆ. ಮೂರನೆಯ ದಿನದ ಹಿಟ್ಟು, ಹಳೆಯ ಕಬ್ಬಿಣದ ಕಾವಲಿ. ನೀರು ಚಿಮುಕಿಸಿದರೆ ಹನಿಗಳು ಕುಣಿದು ಓಡುವಷ್ಟು ಕಾಯಿಸಿ, ಉರಿ ತಗ್ಗಿಸಿ, ಅರ್ಧ ಈರುಳ್ಳಿಯಿಂದ ಎಣ್ಣೆ ಒರೆಸಿದೆ. ಒಂದೂವರೆ ಸೌಟು ಹಿಟ್ಟು ನಡುವೆ ಬಿಟ್ಟು ಹೊರಕ್ಕೆ ಸುತ್ತುತ್ತಾ ಹೋದಂತೆ ಹಿಂದೆಯೇ ತೂತುಗಳು ತೆರೆದುಕೊಂಡವು, ಮೊದಲು ಅಂಚಿನಲ್ಲಿ ಸಾಸಿವೆಯಷ್ಟು, ಆಮೇಲೆ ನಡುವೆ ಮೆಣಸಿನಷ್ಟು. ಅಂಚಿಗೆ ಬೆಣ್ಣೆ ಬಿಟ್ಟಾಗ ಆ ತೂತುಗಳೊಳಗೆ ಇಳಿದು ಸಣ್ಣಗೆ ಕುದಿಯಿತು. ಮಗುಚುವ ಕೈ ತಗುಲಿಸುವ ಮೊದಲೇ ಅಂಚು ತಾನಾಗಿ ಎದ್ದಿತು. ಕೆಳಮೈ ಸಮನಾದ ಜೇನು ಬಣ್ಣ, ಅಲ್ಲಲ್ಲಿ ಕಡು ಕಂದು. ಮೆಂತ್ಯ, ಕಡಲೆಬೇಳೆ, ಅವಲಕ್ಕಿ ಮೂರೂ ಹಾಕುತ್ತಾರೆ, ಲೇಬಲ್ಲಿನಲ್ಲಿಯೂ ಇದೆ, ಬಣ್ಣದಲ್ಲಿಯೂ ಕಾಣುತ್ತದೆ. ಯಜಮಾನರು ನಾಲ್ಕು ತಿಂದರು. ಅವರ ಸಾಮಾನ್ಯ ಲೆಕ್ಕ ಎರಡು.

ಐದನೆಯ ದಿನಕ್ಕೆ ಹುಳಿ ಮುಂದಾಗುತ್ತದೆ. ಆಗ ಅದನ್ನು ದೋಸೆಗೆ ಒತ್ತಾಯಿಸಬೇಡಿ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹೆಚ್ಚಿ ಹಾಕಿ ಪಡ್ಡು ಮಾಡಿ. ಏಳನೆಯ ದಿನದ್ದನ್ನು ನಾನು ಉಪಯೋಗಿಸಿಲ್ಲ.

ಹೊಸ ಕಾರ್ಖಾನೆಯನ್ನೂ ನೋಡಿದೆ, ಹುಡುಗನೇ ಕರೆದ. ತಲೆಗೆ ಟೋಪಿ, ಕಾಲಿಗೆ ಬೇರೆ ಚಪ್ಪಲಿ, ಕೈ ಎರಡು ಸಲ ತೊಳೆಯಬೇಕು. ಶೆಡ್ಡಿನಲ್ಲಿ ಇದ್ಯಾವುದೂ ಇರಲಿಲ್ಲ, ನಾವೂ ಕೇಳಿರಲಿಲ್ಲ. ಅಕ್ಕಿ ತೊಳೆಯುವ ನೀರಿನ ಪರೀಕ್ಷಾ ವರದಿಯನ್ನು ಗೋಡೆಗೆ ಅಂಟಿಸಿದ್ದಾರೆ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಈಗ ಪ್ರತಿ ಪ್ಯಾಕೆಟ್ಟಿನ ಮೇಲಿದೆ, ತುಂಬಿಸಿದ ತಾರೀಖು ಉಜ್ಜಿದರೂ ಅಳಿಸುವುದಿಲ್ಲ. ಹುಡುಗ ಹುಳಿ ಅಳೆಯುವ ಒಂದು ಪಿಎಚ್ ಮೀಟರನ್ನು (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಹಿಟ್ಟಿಗೆ ಅದ್ದಿ, "ನೋಡಿ ಮಿಸ್, ಆರಕ್ಕಿಂತ ಮೇಲಿದೆ. ಹುದುಗಿದ ಮೇಲೆ ನಾಲ್ಕೂವರೆಯ ಹತ್ತಿರ ಬರುತ್ತದೆ. ಆ ಪಾಠಕ್ಕೆ ನಾನು ಬಂದಿದ್ದೆ ಎಂದು ಈಗಲಾದರೂ ಒಪ್ಪಿಕೊಳ್ಳಿ" ಎಂದ. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನ ತಾಯಿ ಕೂತಿದ್ದರು. ಪ್ರತಿ ಟ್ಯಾಂಕಿನಿಂದ ಒಂದು ಬಟ್ಟಲು ಅವರ ಬಳಿಗೆ ಹೋಗುತ್ತದೆ. ಮೂಸಿ ತಲೆಯಾಡಿಸುತ್ತಾರೆ. "ಅಮ್ಮ ಬೇಡ ಎಂದರೆ?" ಎಂದು ಕೇಳಿದೆ. "ಮೀಟರ್ ಸರಿಯಿದ್ದರೂ ಕಳಿಸುವುದಿಲ್ಲ. ಹೂಡಿಕೆದಾರರಿಗೆ ಇದನ್ನು ಹೇಗೆ ವಿವರಿಸಬೇಕೋ ಇನ್ನೂ ತಿಳಿದಿಲ್ಲ" ಎಂದು ನಕ್ಕ.

ಆ ಹೂಡಿಕೆದಾರರ ಕೈ ಎಲ್ಲಿ ಕಾಣುತ್ತದೆ ಎಂದರೆ, ಹೊಸ ಹೊಸ ಪ್ಯಾಕೆಟ್ಟುಗಳಲ್ಲಿ. ರಾಗಿ ದೋಸೆ ಹಿಟ್ಟು ಪರವಾಗಿಲ್ಲ, ರಾಗಿಯ ಪರಿಮಳ ನಿಜವಾಗಿಯೂ ಇದೆ, ತೆಳ್ಳಗೆ ಹುಯ್ದರೆ ಗರಿಯಾಗುತ್ತದೆ. 'ಪ್ರೋಟೀನ್ ದೋಸೆ' ಎಂಬುದೊಂದು ಬಂದಿದೆ. ಉದ್ದಿನಲ್ಲಿ ಇಲ್ಲದ ಯಾವ ಪ್ರೋಟೀನು ಎಂದು ಲೇಬಲ್ ಓದಿದರೆ, ಹೆಸರುಬೇಳೆ. ಅದಕ್ಕೆ ನಮ್ಮಲ್ಲಿ ಪೆಸರಟ್ಟು ಎಂಬ ಹೆಸರು ಆಗಲೇ ಇದೆ, ಆಂಧ್ರದವರಿಂದ ಬಂದದ್ದು. ತೆಂಗಿನಕಾಯಿ ಚಟ್ನಿಯ ಪೊಟ್ಟಣವನ್ನು ಒಮ್ಮೆ ತಂದೆ, ಇನ್ನೊಮ್ಮೆ ತರುವುದಿಲ್ಲ. ಕಾಯಿಚಟ್ನಿ ತುರಿದ ಗಂಟೆಯೊಳಗೆ ಬಾಯಿಗೆ ಹೋಗಬೇಕಾದ ವಸ್ತು. ಅದನ್ನು ಬಾಳಿಸಲು ಹೊರಟವರು ಯಾರೂ ಗೆದ್ದದ್ದನ್ನು ನಾನು ಕಂಡಿಲ್ಲ.

ಬೆಲೆ ಕಿಲೋಗೆ 60 ಇದ್ದದ್ದು 80 ಆಗಿದೆ. ಯಂತ್ರ, ವ್ಯಾನು, ಹಸಿ ಹಿಟ್ಟಿನ ಮೇಲಿನ ಶೇ 5 ಜಿಎಸ್‌ಟಿ ಎಲ್ಲ ನೋಡಿದರೆ ಇದು ಅನ್ಯಾಯವೆನ್ನಲಾರೆ. ಮನೆಯಲ್ಲಿ ರುಬ್ಬಿದರೆ ಇದಕ್ಕಿಂತ ಅಗ್ಗ, ಹೆಗಲಿನ ಫಿಸಿಯೋಥೆರಪಿಯ ಖರ್ಚು ಸೇರಿಸದಿದ್ದರೆ. ಸ್ಟೀಲ್ ಡಬ್ಬಿಗೆ ಹಾಕಿಸಿಕೊಳ್ಳುವ ವ್ಯವಸ್ಥೆ ತೆಗೆದುಹಾಕಿದ್ದು ಮಾತ್ರ ನನಗೆ ಹಿಡಿಸಿಲ್ಲ. ವಾರಕ್ಕೆ ಎರಡು ದಪ್ಪ ಪ್ಲಾಸ್ಟಿಕ್ ಪೊಟ್ಟಣ ಕಸಕ್ಕೆ ಹೋಗುತ್ತಿವೆ. ಮಳಿಗೆಯಲ್ಲಾದರೂ ಡಬ್ಬಿಗೆ ಕೊಡಿ ಎಂದರೆ, ತೂಕದ, ತಾರೀಖಿನ ಲೆಕ್ಕ ತಪ್ಪುತ್ತದೆ ಎನ್ನುತ್ತಾರೆ ಅಲ್ಲಿನ ಹುಡುಗಿಯರು.

ಹಾಗಾಗಿ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ: ಮಳಿಗೆಯಿಂದಲೇ ತನ್ನಿ, ಉಬ್ಬಿದ ಪ್ಯಾಕೆಟ್ಟನ್ನು ಮುಟ್ಟಬೇಡಿ. ಇಡ್ಲಿಗಾದರೆ ಬೇಕಾದಷ್ಟನ್ನು ಮಾತ್ರ ಬೇರೆ ಪಾತ್ರೆಗೆ ಸುರಿದು ನಾಲ್ಕು ಗಂಟೆ ಹೊರಗಿಡಿ, ಡಿಸೆಂಬರಿನಲ್ಲಾದರೆ ರಾತ್ರಿಯಿಡೀ. ದೋಸೆಗೆ ಮೂರನೆಯ ದಿನದವರೆಗೆ ಕಾಯಿರಿ.

ಇದನ್ನೇ ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸಿ ಎಂದು ಅದರ ಮೇಲಿದ್ದ ಗ್ರಾಹಕರ ಸಂಖ್ಯೆಗೆ ಬರೆದೆ, ಹೆಸರು ಹಾಕದೆ. ಲೋಟಗಳ ಫೋಟೊವನ್ನೂ ಕಳಿಸಿದೆ. ಮರುದಿನ ಉತ್ತರ ಬಂತು: "ಮಿಸ್, ಲೋಟಕ್ಕೆ ರಬ್ಬರ್ ಬ್ಯಾಂಡ್ ಹಾಕುವವರು ನೀವಲ್ಲದೆ ಇನ್ಯಾರು? ಮುಂದಿನ ಅಚ್ಚಿನಲ್ಲಿ ಸೇರಿಸುತ್ತೇವೆ."

ಕಳೆದ ವಾರ ಹೊಸ ಪ್ಯಾಕೆಟ್ ಬಂತು. 'ತಕ್ಷಣ ಬಳಸಬಹುದು' ಹೋಗಿದೆ. ಆ ಜಾಗದಲ್ಲಿ ಇಡ್ಲಿಗೆ ನಾಲ್ಕು ಗಂಟೆ, ದೋಸೆಗೆ ಮೂರನೆಯ ದಿನ ಎಂದು ಸ್ಪಷ್ಟವಾಗಿ ಇದೆ, ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರ ಪ್ರಕಾರ ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಮೇಲೆ ಬಳಕೆಯ ಸೂಚನೆ ಕನ್ನಡದಲ್ಲಿಯೂ ಇರಬೇಕು ಎಂದು ಇನ್ನೊಂದು ಸಂದೇಶ ಕಳಿಸಿದ್ದೇನೆ. ಈ ಸಲ ಹೆಸರು ಹಾಕಿ.